ಒಡವೆಯ ಚಿತ್ರದಲ್ಲಿ ಒಡಲಿನ ಲೆಕ್ಕ

ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಕಡೆ ಮದುವೆ ನಿಶ್ಚಯವಾದ ಮನೆಯಲ್ಲಿ ಹಳೆಯ ಒಡವೆಯನ್ನು ಮುರಿಸಿ ಹೊಸದನ್ನು ಮಾಡಿಸುವುದುಂಟು. ಅಜ್ಜಿಯ ಕಾಲದ ಬೋರಮಾಳವನ್ನೋ ಪಾಟಲಿಯನ್ನೋ ಪತ್ತಾರನ ಮುಂದಿಟ್ಟು, ಅವನು ತೋರಿಸಿದ ಚಿತ್ರಗಳಲ್ಲಿ ಒಂದನ್ನು ಮನೆಯವರೆಲ್ಲ ಕೂಡಿ ಆರಿಸುತ್ತಾರೆ. ಬಿಳಿಯ ಕಾಗದದ ಮೇಲೆ ಆ ಸರವು ಬಹು ಸೊಗಸಾಗಿ ಕಾಣುತ್ತದೆ. ಕೆಲವು ವಾರಗಳ ಬಳಿಕ ಹುಡುಗಿ ಅದನ್ನು ಧರಿಸಿ ಕನ್ನಡಿಯ ಮುಂದೆ ನಿಂತಾಗ, ಪಕ್ಕದ ಪದಕಗಳು ಒಂದರ ಮೇಲೊಂದು ಏರಿರುತ್ತವೆ. ಇಲ್ಲವೆ ಸರದ ಅಂಚು ಕೊರಳೆಲುಬಿಗೆ ತಾಗಿ ಎದ್ದು ನಿಂತಿರುತ್ತದೆ. ಪತ್ತಾರನ ಕೈಗೆಲಸದಲ್ಲಿ ಕೊರತೆಯಿಲ್ಲ, ಚಿನ್ನದಲ್ಲಿಯೂ ಇಲ್ಲ. ಕೊರತೆಯಿರುವುದು ಚಿತ್ರದಲ್ಲಿ. ಅದನ್ನು ತಿದ್ದಬೇಕಾದರೆ ಒಡವೆಯನ್ನು ಮತ್ತೆ ಕರಗಿಸಬೇಕು. ಮತ್ತೆ ಸವಕಳಿಯ ಲೆಕ್ಕ, ಮತ್ತೆ ಮಜೂರಿಯ ಲೆಕ್ಕ. ಅಜ್ಜಿಯ ಪಾಟಲಿಯಂತೂ ಮರಳಿ ಬರುವಂತಿಲ್ಲ.

ಇದರ ಕಾರಣವನ್ನು ತಿಳಿಯಬೇಕಾದರೆ ಒಂದು ಸಂಗತಿಯನ್ನು ಮೊದಲು ಗಮನಿಸಬೇಕು. ಲೋಟಕ್ಕೆ ತನ್ನದೇ ಆದ ಆಕಾರವಿದೆ. ಅದನ್ನು ಎಲ್ಲಿಟ್ಟರೂ ಅದು ಲೋಟವೇ. ಸರಕ್ಕೆ ಹಾಗೆ ಸ್ವಂತ ಆಕಾರವಿಲ್ಲ. ಮೇಜಿನ ಮೇಲೆ ಅದು ಒಂದು ರಾಶಿ, ಕೊರಳಲ್ಲಿ ಒಂದು ರೇಖೆ. ಅದಕ್ಕೆ ಆಕಾರ ಕೊಡುವವು ಧರಿಸಿದವರ ಮೈ ಮತ್ತು ಭೂಮಿಯ ಆಕರ್ಷಣ. ಆದುದರಿಂದಲೇ ಒಡವೆಯ ವಿನ್ಯಾಸಕಾರನು ಜೀವಂತ ಮಾನವಾಕೃತಿಯನ್ನು ಎದುರಿಗಿಟ್ಟುಕೊಂಡು ಚಿತ್ರಿಸುವುದನ್ನು ಕಲಿಯಬೇಕಾಗುತ್ತದೆ. ಪಾಶ್ಚಾತ್ಯ ಕಲಾಶಾಲೆಗಳಲ್ಲಿ ಈ ಅಭ್ಯಾಸ ನಗ್ನ ಮಾದರಿಯಿಂದಲೇ ನಡೆಯುತ್ತ ಬಂದಿತು. ನಮ್ಮ ಪತ್ತಾರನಿಗೆ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಅವನಿಗೆ ಬೇಕಾದುದು ಕೊರಳು, ಕಿವಿ, ಮುಂಗೈ, ನಡು, ಕಾಲಿನ ಹರಡು. ಮನೆಯಲ್ಲಿ ಅಕ್ಕನೋ ತಾಯಿಯೋ ಅರ್ಧ ಗಂಟೆ ಕುಳಿತರೆ ಅಭ್ಯಾಸ ಪ್ರಾರಂಭವಾಗಬಹುದು.

ಈ ಗಡಿನಾಡಿನಲ್ಲಿ ಪ್ರಿಯವಾದ ಕೊಲ್ಹಾಪುರಿ ಸಾಜವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸಾಂಪ್ರದಾಯಿಕ ಸಾಜದಲ್ಲಿ 21 ಪದಕಗಳಿರುತ್ತವೆ. ಅವುಗಳಲ್ಲಿ 10 ದಶಾವತಾರದವು, 8 ಅಷ್ಟಮಂಗಲದವು. ಕಾಗದದ ಮೇಲೆ ಎಲ್ಲವನ್ನೂ ಒಂದೇ ಅಗಲದಲ್ಲಿ ಬರೆಯುವುದು ರೂಢಿ. ಕೊರಳಾದರೋ ಚಪ್ಪಟೆಯಲ್ಲ, ಹೆಚ್ಚು ಕಡಮೆ ಒಂದು ಕಂಬ. ನಮ್ಮ ಕಣ್ಣಿಗೆ ನೇರವಾಗಿರುವ ಪದಕ ಪೂರ್ತಿ ಅಗಲದಲ್ಲಿ ಕಾಣುತ್ತದೆ. ಪಕ್ಕಕ್ಕೆ ಸರಿದಂತೆ ಅದು ಓರೆಯಾಗುತ್ತದೆ. 60 ಅಂಶ ತಿರುಗಿದ ಪದಕವು ತನ್ನ ಅಗಲದ ಅರ್ಧದಷ್ಟೇ ಕಾಣುತ್ತದೆ, ಏಕೆಂದರೆ 60 ಅಂಶದ ಕೊಸೈನ್ ½. ತ್ರಿಕೋನಮಿತಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ವಿದ್ಯಾರ್ಥಿಗಳು ಅದನ್ನು ತಾಯಿಯ ಕೊರಳಲ್ಲಿ ಕಂಡು ಬೆರಗಾಗಬಹುದು. ಇಷ್ಟಲ್ಲದೆ ಕೊರಳು ನೆಟ್ಟಗಿನ ಕಂಬವೂ ಅಲ್ಲ. ಅದು ಮುಂದಕ್ಕೆ ಬಾಗಿದೆ. ಅದರ ಬುಡವು ಹಿಂದುಗಡೆ ಎತ್ತರದಲ್ಲಿ, ಮುಂದುಗಡೆ ಗಂಟಲಿನ ಗುಳಿಯ ಬಳಿ ತಗ್ಗಿನಲ್ಲಿದೆ. ಕೊರಳನ್ನು ಸುತ್ತಿದ ಒಡವೆಯೂ ಹಾಗೆಯೇ ಓರೆಯಾಗಿ ಕೂರುತ್ತದೆ. ಸಮತಲವಾದ ಉಂಗುರದಂತೆ ಬರೆದ ಅಡ್ಡಿಕೆ ಕೊರಳಿಗೆ ಹೊಂದದಂತೆ ಕಾಣುವುದು ಇದರಿಂದಲೇ.

ಉದ್ದನೆಯ ಸರದ ಗತಿ ಬೇರೆ. ಎರಡು ತುದಿಗಳಲ್ಲಿ ಹಿಡಿದ ಸರಪಳಿ ಯಾವ ರೇಖೆಯಲ್ಲಿ ಜೋತು ಬೀಳುತ್ತದೆ ಎಂಬ ಪ್ರಶ್ನೆ ದೊಡ್ಡ ಗಣಿತಜ್ಞರನ್ನು ಕಾಡಿತ್ತು. ಅದು ಪರವಲಯಕ್ಕೆ ಸಮೀಪವಾದುದೆಂದು ಗೆಲಿಲಿಯೋ 1638ರಲ್ಲಿ ಹೇಳಿದ್ದನು. 1691ರಲ್ಲಿ ಹೈಗೆನ್ಸ್, ಲೈಬ್ನಿಟ್ಸ್, ಯೊಹಾನ್ ಬರ್ನೂಲಿ ಈ ಮೂವರೂ ಅದರ ನಿಜವಾದ ಸಮೀಕರಣವನ್ನು ಪ್ರಕಟಿಸಿದರು. ಸರಪಳಿಗೆ ಲ್ಯಾಟಿನ್ ಭಾಷೆಯಲ್ಲಿರುವ ಹೆಸರಿನಿಂದಲೇ ಆ ರೇಖೆ ಕ್ಯಾಟಿನರಿ ಎನ್ನಿಸಿಕೊಂಡಿತು. ಎಲ್ಲೆಡೆಯೂ ಸಮಭಾರವುಳ್ಳ ಸರ ಎದೆಯ ಮೇಲೆ ಬಹುಮಟ್ಟಿಗೆ ಇಂಥ ದುಂಡನೆಯ ರೇಖೆಯಲ್ಲಿ ನಿಲ್ಲುತ್ತದೆ. ಅದರ ನಡುವೆ ಒಂದು ಭಾರವಾದ ಪದಕವನ್ನು ಕಟ್ಟಿದೊಡನೆ ಎರಡು ಬದಿಗಳೂ ಬಿಗಿದು ನೇರವಾಗುತ್ತವೆ, ತಳವು ಮೊನೆಯಾಗುತ್ತದೆ. ಮೊದಲು ದುಂಡನೆಯ ಸರವನ್ನು ಬರೆದು, ಬಳಿಕ ಅದೇ ರೇಖೆಗೆ ಪದಕವನ್ನು ತೂಗುಹಾಕುವುದು ಹೊಸಬರು ಮಾಡುವ ತಪ್ಪು. ಇನ್ನೊಂದು ಮಾತು: ಸರವನ್ನು 4 ಸೆಂಟಿಮೀಟರ್ ಉದ್ದ ಮಾಡಿದರೆ ಪದಕ ಸುಮಾರು 2 ಸೆಂಟಿಮೀಟರ್ ಮಾತ್ರ ಕೆಳಗಿಳಿಯುತ್ತದೆ, ಏಕೆಂದರೆ ಹೆಚ್ಚಿನ ಉದ್ದವನ್ನು ಎರಡು ಬದಿಗಳೂ ಹಂಚಿಕೊಳ್ಳುತ್ತವೆ.

ಮೈಯ ನಿಲುವು ಒಡವೆಯನ್ನು ಹೇಗೆ ಬದಲಿಸುತ್ತದೆಂಬುದನ್ನು ನೋಡಲು ಈ ಭಾಗದವರು ಬಹು ದೂರ ಹೋಗಬೇಕಾಗಿಲ್ಲ. ಕಾಗವಾಡದ ಕಡೆಯ ಜುಗುಳದಿಂದ ಕೃಷ್ಣಾನದಿಯನ್ನು ದಾಟಿದರೆ ಖಿದ್ರಾಪುರ. ಅಲ್ಲಿ ಶಿಲಾಹಾರರ ಕಾಲದ, 12ನೆಯ ಶತಮಾನದ ಕೋಪೇಶ್ವರ ದೇವಾಲಯವಿದೆ. ಅದರ ಹೊರಗೋಡೆಯ ಸ್ತ್ರೀಮೂರ್ತಿಗಳಲ್ಲಿ ಹಲವು ಇಂದು ಭಗ್ನವಾಗಿವೆ. ಆದರೂ ಉಳಿದವುಗಳ ಮುಂದೆ ಪೆನ್ಸಿಲು ಹಿಡಿದು ಕುಳಿತುಕೊಳ್ಳುವುದು ಒಳ್ಳೆಯ ಪಾಠ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಾಗ ಆ ಕಡೆಯ ಸೊಂಟ ಮೇಲೇರುತ್ತದೆ. ಅದೇ ಕಡೆಯ ಹೆಗಲು ಕೆಳಗಿಳಿಯುತ್ತದೆ. ನಡುವಿನ ಡಾಬು ಸೊಂಟದ ಎಲುಬನ್ನು ಅನುಸರಿಸಿ ಓರೆಯಾಗುತ್ತದೆ. ಹೆಗಲಿನ ರೇಖೆ ಎದುರು ದಿಕ್ಕಿಗೆ ಓರೆಯಾಗುತ್ತದೆ. ಕೊರಳಿನಿಂದ ಇಳಿದ ಪದಕ ಮಾತ್ರ ಗೌಂಡಿಯ ತೂಗುಗುಂಡಿನಂತೆ ನೆಟ್ಟಗೆ ಕೆಳಮುಖವಾಗಿರಲು ಹವಣಿಸುತ್ತದೆ. ಕಲ್ಲಿನ ಸರಕ್ಕೆ ಭಾರದ ಹಂಗಿಲ್ಲ. ಶಿಲ್ಪಿಯು ಅದನ್ನು ತನಗೆ ಬೇಕಾದತ್ತ ಹೊರಳಿಸಬಹುದು. ಚಿನ್ನದ ಸರವನ್ನು ಬರೆಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಆದುದರಿಂದ ಶಿಲ್ಪವನ್ನು ನೋಡಿ ಬರೆದ ಮೇಲೆ ಜೀವಂತ ವ್ಯಕ್ತಿಯನ್ನೂ ಅದೇ ಭಂಗಿಯಲ್ಲಿ ನಿಲ್ಲಿಸಿ ಬರೆದು, ಎರಡನ್ನೂ ಹೋಲಿಸುವುದು ಲೇಸು.

ಬಳೆಯ ವಿಷಯದಲ್ಲಿ ಬಳೆಗಾರನೇ ಗುರು. ಅವನು ಮುಂಗೈಯನ್ನು ನೋಡುವುದಿಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಕೈಯ ಗೆಣ್ಣುಗಳನ್ನು ಒತ್ತಿ ನೋಡುತ್ತಾನೆ. ಬಳೆ ದಾಟಬೇಕಾದ ಅತಿ ಅಗಲವಾದ ಸ್ಥಳ ಅದೇ. ಅವನು ಹೇಳುವ ‘ಎರಡು ನಾಲ್ಕು’, ‘ಎರಡು ಆರು’, ‘ಎರಡು ಎಂಟು’ ಎಂಬವು ದಶಮಾಂಶಗಳಲ್ಲ. ಎರಡು ಅಂಗುಲ ಮತ್ತು ಅಂಗುಲದ ಹದಿನಾರನೆಯ ಭಾಗಗಳ ಲೆಕ್ಕ. ಎರಡು ಎಂಟೆಂದರೆ ಒಳವ್ಯಾಸ ಎರಡೂವರೆ ಅಂಗುಲ, ಅಂದರೆ 63.5 ಮಿಲಿಮೀಟರ್. ಎರಡು ನಾಲ್ಕಕ್ಕೆ ಸುಮಾರು 57 ಮಿಲಿಮೀಟರ್. ಮುಂಗೈ ಇದಕ್ಕಿಂತ ಸಣ್ಣದು, ಮೇಲಾಗಿ ಅದರ ಅಡ್ಡಕೊಯ್ತ ದುಂಡಗಿಲ್ಲದೆ ಚಪ್ಪಟೆಯಾಗಿದೆ. ಹೀಗಾಗಿ ಬಳೆಗೂ ಕೈಗೂ ನಡುವೆ ಯಾವಾಗಲೂ ತೆರವಿರುತ್ತದೆ. ಕೈ ಇಳಿಬಿಟ್ಟರೆ ಬಳೆ ಜಾರಿ ಹೆಬ್ಬೆರಳಿನ ಬುಡದಲ್ಲಿ ಓರೆಯಾಗಿ ನಿಲ್ಲುತ್ತದೆ. ಕೈಯೆತ್ತಿದರೆ ಮೊಣಕೈಯತ್ತ ಸರಿಯುತ್ತದೆ. ಈ ತೆರವನ್ನು ಬರೆಯದ ಚಿತ್ರದಲ್ಲಿ ಬಳೆ ಚರ್ಮಕ್ಕೆ ಅಂಟಿಸಿದಂತಿರುತ್ತದೆ.

ಕಿವಿಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅದು ಸಾಮಾನ್ಯವಾಗಿ ಹುಬ್ಬಿನ ಮತ್ತು ಮೂಗಿನ ಬುಡದ ಮಟ್ಟಗಳ ನಡುವೆ ಇರುತ್ತದೆ. ಝುಮಕಿಗೆ ಇರುವ ಅವಕಾಶ ಅಲ್ಲಿಂದ ಹೆಗಲಿನವರೆಗೆ ಮಾತ್ರ. ಗಿಡ್ಡ ಕೊರಳಿನವರಿಗೆ ಉದ್ದನೆಯ ಝುಮಕಿಯನ್ನು ಬರೆದುಕೊಟ್ಟರೆ ಅದು ಹೆಗಲಿಗೆ ತಾಗುತ್ತದೆ.

ಇನ್ನು ಹೊಳಪು. ಚರ್ಮದ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕುಗಳಿಗೂ ಚೆದರುತ್ತದೆ. ಅದರಿಂದ ಬೆಳಕು ನೆರಳುಗಳು ಒಂದರಲ್ಲೊಂದು ಮೆಲ್ಲನೆ ಕರಗುತ್ತವೆ. ನಯಗೊಳಿಸಿದ ಚಿನ್ನ ಕನ್ನಡಿಯಂತೆ ಸುತ್ತಲಿನ ವಸ್ತುಗಳನ್ನೇ ಪ್ರತಿಬಿಂಬಿಸುವುದರಿಂದ ಅದರಲ್ಲಿ ಅತ್ಯಂತ ಬೆಳಕಾದ ಪಟ್ಟಿಯ ಪಕ್ಕದಲ್ಲಿಯೇ ಕಡುಗಂದು ಪಟ್ಟಿ ಇರುತ್ತದೆ. ಇನ್ನೊಂದು ವ್ಯತ್ಯಾಸವೂ ಉಂಟು. ಚಿನ್ನವು ನೀಲಿ ಬೆಳಕನ್ನು ಹೀರಿಕೊಂಡು ಹಳದಿ, ಕೆಂಪುಗಳನ್ನು ಹಿಂದಿರುಗಿಸುತ್ತದೆ. ಅದರ ಹೊಳಪಿನ ಚುಕ್ಕೆಗೂ ಆ ಹಳದಿಯೇ. ಕೆಂಪುಕಲ್ಲಿನ ಮೇಲಿನ ಚುಕ್ಕೆಯಾದರೋ ದೀಪದ ಬಣ್ಣದ್ದೇ, ಬೆಳ್ಳಗೆ. ಎಲ್ಲಕ್ಕೂ ಒಂದೇ ಬಿಳಿಯ ಬಣ್ಣವನ್ನು ತೊಟ್ಟಿಕ್ಕಿಸಿದವನ ಚಿತ್ರದಲ್ಲಿ ಚಿನ್ನವು ಬಣ್ಣ ಬಳಿದ ಮರದಂತಾಗುತ್ತದೆ. ವಿನ್ಯಾಸಕಾರರು ಬೂದು ಕಾಗದವನ್ನು ಬಳಸಿ, ಬೆಳಕು ಎಡಗಡೆ ಮೇಲಿನಿಂದ ಬೀಳುವುದೆಂದು ಭಾವಿಸಿ ಬರೆಯುವ ಪದ್ಧತಿ ಹೆಚ್ಚಾಗಿ ರೂಢಿಯಲ್ಲಿದೆ. ಬೂದು ಬಣ್ಣದ ಮೇಲೆ ಬೆಳಕನ್ನೂ ನೆರಳನ್ನೂ ಎರಡನ್ನೂ ಹಾಕಲು ಬರುತ್ತದೆ.

ಇಂದು ಗಣಕಯಂತ್ರದಲ್ಲಿಯೇ ಒಡವೆಯ ಮೂರು ಆಯಾಮಗಳ ಮಾದರಿಯನ್ನು ರಚಿಸುತ್ತಾರೆ. ಆ ಯಂತ್ರವು ಅಳತೆಯಲ್ಲಿ ತಪ್ಪುವುದಿಲ್ಲ. ಆದರೆ ಧರಿಸುವಾಕೆಯ ಕೊರಳು ಎಷ್ಟು ಬಾಗಿದೆಯೆಂಬುದನ್ನು ಯಾರಾದರೂ ನೋಡಿ ಅದಕ್ಕೆ ತಿಳಿಸಬೇಕು. ಪೆನ್ಸಿಲಿನ ಅಭ್ಯಾಸ ಈ ನೋಟವನ್ನೇ ಕಲಿಸುತ್ತದೆ. ನಿಪ್ಪಾಣಿಯಿಂದ ಬಹು ದೂರವಲ್ಲದ ಹುಪರಿ ಬೆಳ್ಳಿಯ ಕಾಲುಗೆಜ್ಜೆಗಳಿಗೆ ಹೆಸರಾದ ಊರು. ಅಲ್ಲಿಯ ಗೆಜ್ಜೆಯೊಂದು ಮನೆಯಲ್ಲಿದ್ದರೆ ಅದನ್ನೇ ಮೊದಲು ಬರೆಯಬಹುದು. ಧರಿಸಿದವರನ್ನು ನಿಲ್ಲಿಸಿ ಮೊದಲು ಕಾಲನ್ನು ಮಾತ್ರ ಬರೆಯಿರಿ. ಒಳಗಡೆಯ ಹರಡಿನ ಗಂಟು ಹೊರಗಡೆಯದಕ್ಕಿಂತ ತುಸು ಎತ್ತರದಲ್ಲಿರುವುದು ಕಾಣುತ್ತದೆ. ಆ ಎರಡು ಗಂಟುಗಳನ್ನು ಗುರುತಿಸಿದ ಮೇಲೆಯೇ ಗೆಜ್ಜೆಯ ರೇಖೆಯನ್ನು ಎಳೆಯಿರಿ.