ಜಗಿದ ಬಬಲ್ ಗಮ್‌ನ ತೂಕ ಎಲ್ಲಿ ಹೋಯಿತು?

ಹತ್ತು ನಿಮಿಷ ಜಗಿದ ಬಬಲ್ ಗಮ್
ಭಾರ ಆಗುತ್ತಾ, ಹಗುರ ಆಗುತ್ತಾ?

ಯಾವ ತರಗತಿಯಲ್ಲಾದರೂ ಮಾಡಿ ನೋಡಬಹುದು.
ಬೂಮರ್ ಗಮ್ ಒಂದು, ಬಿಗ್ ಬಬೋಲ್ ಗಮ್ ಒಂದು ತನ್ನಿ.
ಅಕ್ಕಸಾಲಿಗರ ಪುಟ್ಟ ತಕ್ಕಡಿ ಸಿಕ್ಕರೆ ಲೇಸು.
ಸುತ್ತಿದ ಕಾಗದದ ಸಮೇತ ತೂಗಿ.
ಜಗಿದ ಮೇಲೆ ಅದೇ ಕಾಗದದಲ್ಲಿಟ್ಟು ಮತ್ತೆ ತೂಗಿ.

ತೂಕ ಇಳಿದಿದೆ!

ಸಕ್ಕರೆ ಎಂಜಲಲ್ಲಿ ಕರಗಿ ಹೊಟ್ಟೆ ಸೇರಿತು.
ಅಂಟು ಕರಗುವುದಿಲ್ಲ, ಬಾಯಲ್ಲೇ ಉಳಿಯಿತು.
ಹುಮನಾಬಾದ್ ಕಡೆಯ ಕಬ್ಬು ತಿಂದಂತೆ:
ರಸ ಒಳಗೆ, ಹಿಪ್ಪೆ ಹೊರಗೆ.

ಗುಳ್ಳೆ ಊದಲು ಬರುವುದು ಆ ಅಂಟಿನಿಂದಲೇ.
1928ರಲ್ಲಿ ಅದನ್ನು ಹದಕ್ಕೆ ತಂದವರು
ಫಿಲಡೆಲ್ಫಿಯಾದ ಗಮ್ ಕಂಪನಿಯೊಂದರ ಲೆಕ್ಕಿಗ, ವಾಲ್ಟರ್ ಡೀಮರ್.
ಅಂದು ಕೈಗೆ ಸಿಕ್ಕ ಬಣ್ಣ ಗುಲಾಬಿ.

ತೂಗಿ ನೋಡುವಾಗ ಒಂದು ಮಾತು ಮರೆಯಬೇಡಿ.
ಎರಡು ಗಮ್‌ಗಳನ್ನೂ ಒಬ್ಬರೇ, ಒಂದಾದ ಮೇಲೊಂದು ಜಗಿಯಬೇಕು,
ಎರಡನ್ನೂ ಅಷ್ಟಷ್ಟೇ ಹೊತ್ತು ಜಗಿಯಬೇಕು.
ಯಾವುದು ಹೆಚ್ಚು ಇಳಿಯಿತು?
ತೂಗಿ, ಬರೆದಿಡಿ.