ಎರಡು ಬೀದಿಗೆ ಮುಖ ಮಾಡಿದ ಅಂಗಡಿ

ಕಲಬುರಗಿ ಜಿಲ್ಲೆಯ ಸ್ಮಾರಕ ಎಂದ ಕೂಡಲೇ ನೆನಪಾಗುವುದು ಬಹಮನಿ ಕೋಟೆ, ಅದರೊಳಗಿನ 1367ರ ಜಾಮಿ ಮಸೀದಿ, ಸನ್ನತಿಯ ಶಿಲ್ಪಗಳು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೆ ಪೇಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಕಲ್ಲು-ಮಣ್ಣಿನ ಕಿರಾಣಿ ಅಂಗಡಿಯನ್ನು ನೋಡಲು ಯಾರೂ ಬಸ್ಸು ಹತ್ತಿ ಬರುವುದಿಲ್ಲ. ಬೇಳೆ ಕೊಳ್ಳಲು ಬರುತ್ತಾರೆ, ಅಷ್ಟೇ. ನನ್ನ ಮಟ್ಟಿಗೆ ಅದರ ಬೆಲೆ ಇರುವುದೂ ಅಲ್ಲೇ.

ವಿಕ್ಟೋರಿಯಾ ರಾಣಿ ಪಟ್ಟದಲ್ಲಿದ್ದ 1837ರಿಂದ 1901ರವರೆಗಿನ ಕಾಲದ ಕಟ್ಟಡವನ್ನು ಇಂಗ್ಲೆಂಡಿನಲ್ಲಿ ಆಕೆಯ ಹೆಸರಿನಿಂದ ಗುರುತಿಸುತ್ತಾರೆ. ನಮ್ಮ ಈ ಅಂಗಡಿಗಳಿಗೆ ಆ ಹೆಸರು ಒಗ್ಗದು, ಈ ಸೀಮೆ ಆಗ ಹೈದರಾಬಾದಿನ ನಿಜಾಮನದು. ಪಕ್ಕದ ಸೊಲ್ಲಾಪುರ ಬ್ರಿಟಿಷರದು, ಅಕ್ಕಲಕೋಟೆ ಬೇರೆ ಸಂಸ್ಥಾನ. ಹೀಗಾಗಿ ಗಡಿಯ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ ನಿಜಾಮನ ಹಾಲಿ ಸಿಕ್ಕಾನೂ ಬರುತ್ತಿತ್ತು, ಬ್ರಿಟಿಷರ ಕಲದಾರ್ ರೂಪಾಯಿಯೂ ಬರುತ್ತಿತ್ತು. ಎರಡರ ಬೆಲೆ ಒಂದಲ್ಲ, ವಟ್ಟ ಲೆಕ್ಕ ಹಾಕದೆ ಒಂದು ಸೇರು ಬೆಲ್ಲವನ್ನೂ ತೂಗುವಂತಿರಲಿಲ್ಲ. 1871ರಲ್ಲಿ ಮುಂಬಯಿ ಕಡೆಯ ರೈಲು ಕಲಬುರಗಿ ದಾಟಿ ರಾಯಚೂರು ಮುಟ್ಟಿತು. ಹಳಿ ಆಳಂದ, ಅಫಜಲಪುರ, ಜೇವರ್ಗಿಗಳನ್ನು ಬಿಟ್ಟು ಹೋಯಿತು. ಸ್ಟೇಷನ್ನಿನಲ್ಲಿ ಇಳಿದ ಮಾಲು ಎತ್ತಿನ ಬಂಡಿಯಲ್ಲಿ ಬಂದು ಪೇಟೆ ಸೇರಬೇಕಿತ್ತು.

ಆ ಬಂಡಿಯ ಗುರುತು ಕಟ್ಟಡದ ಮೈಮೇಲೆಯೇ ಇದೆ. ಎರಡು ಬೀದಿ ಕೂಡುವಲ್ಲಿ, ಗೋಡೆಯ ಮೂಲೆಗೆ ಮೊಳಕಾಲೆತ್ತರದ ಗುಂಡುಕಲ್ಲೊಂದನ್ನು ನೆಡುತ್ತಿದ್ದರು. ತಿರುವಿನಲ್ಲಿ ಬಂಡಿಯ ಗುಂಬ ಗೋಡೆಗೆ ಉಜ್ಜದಿರಲಿ ಎಂದು. ಉಜ್ಜಿ ಉಜ್ಜಿ ಕಲ್ಲಿನ ಒಂದು ಮಗ್ಗುಲು ನುಣುಪಾಗಿರುತ್ತದೆ. ಅಂಗಡಿಗೆ ಎರಡೂ ಬೀದಿಯ ಕಡೆ ಬಾಯಿ. ಗದ್ದಿಗೆ ಮೇಲೆ ಕೂತವನಿಗೆ ಸಂತೆಗೆ ಹೋಗುವವರೂ ಕಾಣಬೇಕು, ಬಾಕಿ ಉಳಿಸಿಕೊಂಡು ಇನ್ನೊಂದು ಓಣಿಯಿಂದ ಜಾರುವವರೂ ಕಾಣಬೇಕು!

ಬಾಗಿಲು ಎಂದರೆ ಹಲಗೆಗಳ ಸಾಲು. ಮೇಲೂ ಕೆಳಗೂ ತೋಡು ಕೊರೆದ ಚೌಕಟ್ಟಿನಲ್ಲಿ ಒಂದೊಂದೇ ಹಲಗೆಯನ್ನು ಜಾರಿಸಿ, ಕೊನೆಯದಕ್ಕೆ ಕಬ್ಬಿಣದ ಪಟ್ಟಿ ಹಾಕಿ ಬೀಗ ಜಡಿಯುತ್ತಾರೆ. ಅನುಕ್ರಮ ತಪ್ಪದಿರಲೆಂದು ಹಲಗೆಯ ಬೆನ್ನಿಗೆ ಉಳಿಯಿಂದ ಗೀರು ಹಾಕಿರುತ್ತಾರೆ. ಮೂರು ಗೀರಿನ ಹಲಗೆ ನಾಲ್ಕರ ಜಾಗದಲ್ಲಿ ಕೂಡುವುದಿಲ್ಲ. ಒಳಗೆ ಶಹಾಬಾದ್ ಪರಸಿ, ದಪ್ಪ ಗೋಡೆ, ತೊಲೆ-ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಈ ಕಡೆಯ ಮೇ ತಿಂಗಳ ಉರಿಯಲ್ಲಿ ಒಳಗೆ ಕಾಲಿಟ್ಟವರಿಗೆ ಅದರ ಗುಣ ಹೇಳಿಕೊಡಬೇಕಾಗಿಲ್ಲ.

ಮುಂದಿನ ಕಟ್ಟೆ ಅಂಗಡಿಯ ಅರ್ಧ ಜೀವ. ಚೀಲ ಇಳಿಸುವುದು ಅಲ್ಲಿ, ಧಾರಣಿ ಕೇಳುವುದು ಅಲ್ಲಿ. “ತೊಗರಿ ರಾಶಿ ಆದ ಮ್ಯಾಲ ಕೊಡ್ತೀನ್ರಿ ಸಾವ್ಕಾರ್ರ, ಬರ್ಕೊಳ್ರಿ” ಎಂದು ಉದ್ರಿ ಹೇಳುವುದೂ ಅಲ್ಲೇ. ಆ ಉದ್ರಿಯಲ್ಲಿ ಬಡ್ಡಿಯ ಸುಲಿಗೆಯೂ ಇತ್ತು. ಹಳೆಯದನ್ನು ಹೊಗಳುವ ಭರದಲ್ಲಿ ಅದನ್ನು ಮರೆಸಬಾರದು. ರಸ್ತೆ ಅಗಲವಾಗುವಾಗ ಮೊದಲು ಹೋಗುವುದು ಈ ಕಟ್ಟೆ. ಕಟ್ಟೆ ಹೋದ ಅಂಗಡಿಯಲ್ಲಿ ಗಿರಾಕಿ ನಿಂತೇ ವ್ಯವಹಾರ ಮುಗಿಸುತ್ತಾನೆ.

ಮಾಳಿಗೆಯ ಶತ್ರು ಬೇರೆ. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಿ ಬಡಿಯುವುದು ವರ್ಷವರ್ಷದ ಕೆಲಸ. ಅದನ್ನು ಬಿಟ್ಟರೆ ನೀರು ಇಳಿದು ಜಂತಿ ಕೊಳೆಯುತ್ತದೆ. 2020ರ ಅಕ್ಟೋಬರಿನಲ್ಲಿ ಮಳೆ ಹೊಯ್ದು ಭೀಮಾ ನದಿ ಉಕ್ಕಿದಾಗ ಅಫಜಲಪುರ, ಜೇವರ್ಗಿ ಕಡೆ ಮಣ್ಣಿನ ಮನೆಗಳು ಕುಸಿದವು. ಹಾಗೆ ಬಿದ್ದ ಜಾಗದಲ್ಲಿ ಮತ್ತೆ ಮಾಳಿಗೆ ಎಬ್ಬಿಸುವವರು ಕಡಿಮೆ. ಅಣ್ಣತಮ್ಮಂದಿರ ಪಾಲಿನ ಜಗಳವಿದ್ದರಂತೂ ಬೀಳುವ ತನಕ ದುರಸ್ತಿಯೇ ಇಲ್ಲ.

ಕಾನೂನಿನ ಪ್ರಕಾರ ವಯಸ್ಸಿಗೆ ತಕರಾರಿಲ್ಲ. ಕೇಂದ್ರದ 1958ರ ಸ್ಮಾರಕ ಕಾಯ್ದೆ ಕೇಳುವುದು 100 ವರ್ಷ. ಆದರೆ ಇತಿಹಾಸದ, ಕಲೆಯ ಮಹತ್ವವನ್ನೂ ಕೇಳುತ್ತದೆ, ಕಿರಾಣಿ ಅಂಗಡಿ ಸೋಲುವುದು ಅಲ್ಲಿ. ಇಂಗ್ಲೆಂಡಿನಲ್ಲಿ 1947ರ ನಗರ ಯೋಜನೆ ಕಾನೂನಿನಿಂದ ಗಟ್ಟಿಯಾದ ಪಟ್ಟಿ ಪದ್ಧತಿಯಲ್ಲಿ ಅರಮನೆಯ ಜೊತೆಗೆ ಸಾಧಾರಣ ಅಂಗಡಿಗೂ ಜಾಗವುಂಟು. ವ್ಯಾಪಾರ ನಿಲ್ಲಿಸಬೇಕಿಲ್ಲ, ಕೆಡವುವ ಮುಂಚೆ ಅಪ್ಪಣೆ ಕೇಳಬೇಕು.

ನಮ್ಮ ಪುರಸಭೆಗಳು ಅಷ್ಟು ದೂರ ಹೋಗದಿದ್ದರೂ ಸರಿ. ಇಂಥ ಅಂಗಡಿಗಳ ಅಳತೆ ತೆಗೆದು ನಕ್ಷೆ, ಫೋಟೊ ಇಟ್ಟುಕೊಳ್ಳಲಿ. ದುರಸ್ತಿ ಮಾಡಿಸುವ ಮಾಲೀಕನಿಗೆ ಆಸ್ತಿ ತೆರಿಗೆಯಲ್ಲಿ ಒಂದಿಷ್ಟು ಬಿಡಲಿ. ಮ್ಯೂಸಿಯಂ ಮಾತ್ರ ಬೇಡ. ಕಳ್ಳರ ಭಯಕ್ಕೆ ಶಟರ್ ಬೇಕೆನ್ನುವವರು ಅದನ್ನು ಹಲಗೆಗಳ ಒಳಮಗ್ಗುಲಿಗೆ ಕೂಡಿಸಿಕೊಳ್ಳಬಹುದು. ಅದಕ್ಕಾಗಿ ಹಳೆ ಚೌಕಟ್ಟು ಕೀಳಬೇಕಾಗಿಲ್ಲ.