ಬನ್ನಿ, ಬ್ರಿಡ್ಜ್ ಕಲಿಯೋಣ

ಇಸ್ಪೀಟು ಎಂದ ಕೂಡಲೇ ನಮ್ಮ ಕಡೆ ಎರಡು ಚಿತ್ರಗಳು ಕಣ್ಣಮುಂದೆ ಬರುತ್ತವೆ. ಒಂದು, ಯುಗಾದಿಯ ದಿನವೋ ಶಿವರಾತ್ರಿಯ ಜಾಗರಣೆಯಲ್ಲೋ ಜಮಖಾನ ಹಾಸಿ, ಮಕ್ಕಳು ಮರಿ ಎಲ್ಲ ಸೇರಿ ಆಡುವ ಕತ್ತೆ, ರಮ್ಮಿ, ಇಪ್ಪತ್ತೆಂಟು. ಇನ್ನೊಂದು, ದುಡ್ಡು ಕಟ್ಟಿ ಆಡಿ ಮನೆ ಮಠ ಕಳೆದುಕೊಂಡವರ ಕಥೆ. ಇವೆರಡಕ್ಕೂ ಸೇರದ ಆಟವೊಂದು ಅದೇ 52 ಎಲೆಗಳಲ್ಲಿ ಅಡಗಿದೆ. ಅದೇ ಬ್ರಿಡ್ಜ್.

ಇದು ಸಾಹೇಬರ ಕ್ಲಬ್ಬಿನ ಆಟ, ನಮಗಲ್ಲ ಎಂಬ ಭಾವನೆ ಬಹಳ ಜನರಲ್ಲಿದೆ. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಡ್ಜ್ ಮೊದಲ ಬಾರಿಗೆ ಸೇರ್ಪಡೆಯಾಯಿತು. ಆಗ ಪುರುಷರ ಜೋಡಿ ವಿಭಾಗದಲ್ಲಿ ಚಿನ್ನ ಗೆದ್ದವರು ನಮ್ಮವರೇ ಆದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್. ಒಬ್ಬರಿಗೆ 60 ವರ್ಷ, ಇನ್ನೊಬ್ಬರಿಗೆ 56. ಓಟದಲ್ಲೋ ಈಜಿನಲ್ಲೋ ಈ ವಯಸ್ಸಿಗೆ ಪದಕ ಸಿಕ್ಕೀತೇ ಹೇಳಿ!

ನಾನು ಬ್ರಿಡ್ಜ್ ಕಲಿತದ್ದು ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ. ಆದರೆ ಅದನ್ನು ಮನೆಯೊಳಗೆ ತರುವುದು ಸುಲಭವಿರಲಿಲ್ಲ. ನಮ್ಮ ಮನೆಯಾಕೆಯ ತವರಿನಲ್ಲಿ ಇಸ್ಪೀಟಿನ ದೆಸೆಯಿಂದ ಒಂದು ತೆಂಗಿನ ತೋಟವೇ ಕೈಬಿಟ್ಟು ಹೋಗಿತ್ತು. ಮದುವೆಯಾದ ದಿನದಿಂದ ನಮ್ಮ ಮನೆಯಲ್ಲಿ ಎಲೆ ಎಂದರೆ ವೀಳ್ಯದೆಲೆ, ಬಾಳೆಲೆ ಅಷ್ಟೇ. ಹತ್ತು ವರ್ಷದ ಮೊಮ್ಮಗಳು "ನಾಲ್ಕನೇಯವರು ಬೇಕು ಅಜ್ಜಿ, ಬಾ" ಎಂದು ಸೆರಗು ಹಿಡಿದು ಎಳೆದಾಗ, ಒಂದು ಬಿಡಿಗಾಸೂ ಮೇಜಿನ ಮೇಲೆ ಬರಕೂಡದು ಎಂಬ ಷರತ್ತಿನ ಮೇಲೆ ಬಂದು ಕುಳಿತಳು. ಷರತ್ತು ಇಂದಿಗೂ ಜಾರಿಯಲ್ಲಿದೆ.

ಬ್ರಿಡ್ಜ್ ಪುಸ್ತಕ ತೆರೆದವರೆಲ್ಲ ಮೊದಲು ಹೆದರುವುದು ಹರಾಜಿಗೆ. ಎಲೆ ಹಂಚಿದ ಮೇಲೆ 'ಒಂದು ಕಳಾವರ್', 'ಎರಡು ಆಟೀನು' ಎಂದು ಕೂಗುವ ಆ ಭಾಗಕ್ಕೆ ಮೊದಲ ದಿನವೇ ಕೈ ಹಾಕಬೇಡಿ. ಫ್ರಾನ್ಸ್, ನೆದರ್ಲೆಂಡ್ಸ್ ದೇಶಗಳಲ್ಲಿ ಮಕ್ಕಳಿಗೆ ಕಲಿಸಲು ಮಿನಿಬ್ರಿಡ್ಜ್ ಎಂಬ ಕಿರಿಯ ರೂಪವನ್ನು ಬಳಸುತ್ತಾರೆ. ಅದರಲ್ಲಿ ಹರಾಜೇ ಇಲ್ಲ. ನಮ್ಮ ಮನೆಯಲ್ಲೂ ಅದರಿಂದಲೇ ಶುರುವಾಯಿತು.

ನಾಲ್ವರು ಕುಳಿತುಕೊಳ್ಳಿ: ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಎದುರುಬದುರು ಕುಳಿತವರು ಜೊತೆಗಾರರು. ಜೋಕರ್ ತೆಗೆದಿಟ್ಟು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ 13-13 ಎಲೆ ಹಂಚಿ. ಎಕ್ಕವೇ ಎಲ್ಲಕ್ಕಿಂತ ದೊಡ್ಡದು, ನಂತರ ರಾಜ, ರಾಣಿ, ಗುಲಾಮ, ಹತ್ತು, ಹೀಗೆ ಎರಡರವರೆಗೆ. (ಇಪ್ಪತ್ತೆಂಟು ಆಡಿ ಅಭ್ಯಾಸವಿದ್ದವರು ಗಮನಿಸಿ, ಅಲ್ಲಿ ಮೆರೆಯುವ ಗುಲಾಮ ಇಲ್ಲಿ ಬರೀ ಗುಲಾಮ.) ಒಬ್ಬರು ಒಂದು ಎಲೆ ಇಳಿಸಿದರೆ ಉಳಿದ ಮೂವರೂ ಅದೇ ರಂಗಿನ ಎಲೆ ಹಾಕಬೇಕು. ದೊಡ್ಡ ಎಲೆ ಹಾಕಿದವರಿಗೆ ಆ ನಾಲ್ಕೂ ಎಲೆ ಸೇರುತ್ತವೆ. ಇದಕ್ಕೆ ಒಂದು ಟ್ರಿಕ್ ಎನ್ನುತ್ತಾರೆ. ಆ ರಂಗು ಕೈಯಲ್ಲಿ ಇಲ್ಲದಿದ್ದರೆ ತುರುಫು ಹೊಡೆಯಬಹುದು, ಅಥವಾ ಬೇಡದ ಎಲೆ ಎಸೆಯಬಹುದು. ಒಂದು ಆಟಕ್ಕೆ 13 ಟ್ರಿಕ್.

ಈಗ ಕೈಯಲ್ಲಿರುವುದನ್ನು ಲೆಕ್ಕ ಹಾಕಿ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಡೀ ಕಟ್ಟಿನಲ್ಲಿ 40 ಪಾಯಿಂಟು. ಹಂಚಿದವರಿಂದ ಶುರುಮಾಡಿ ಎಲ್ಲರೂ ತಮ್ಮ ಪಾಯಿಂಟು ಹೇಳಬೇಕು. ಕೂಡಿದರೆ 40 ಬರಲೇಬೇಕು, ಬರದಿದ್ದರೆ ಯಾರೋ ತಪ್ಪು ಎಣಿಸಿದ್ದಾರೆ. ಹೆಚ್ಚು ಪಾಯಿಂಟಿನ ಜೋಡಿ ಆಟ ನಡೆಸುತ್ತದೆ, ಆ ಜೋಡಿಯಲ್ಲೂ ಹೆಚ್ಚಿದ್ದವರೇ ಆಡುವವರು. ಅವರ ಜೊತೆಗಾರರು ತಮ್ಮ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಡಿಸಿಟ್ಟು 'ಡಮ್ಮಿ' ಆಗುತ್ತಾರೆ. ಯಾವ ಎಲೆ ಹಾಕಬೇಕೆಂದು ಡಮ್ಮಿ ಸಲಹೆ ಕೊಡುವಂತಿಲ್ಲ. ನಮ್ಮಲ್ಲಿ ಡಮ್ಮಿಯಾದವರು ಎದ್ದು ಹೋಗಿ ಕಾಫಿ ಬೆರೆಸಿಕೊಂಡು ಬರುವುದು ವಾಡಿಕೆ. ಎರಡೂ ಜೋಡಿಗೆ 20-20 ಬಂದರೆ ಮತ್ತೆ ಹಂಚಿ.

ಒಂದು ಉದಾಹರಣೆ. ದಕ್ಷಿಣದಲ್ಲಿ ಮೊಮ್ಮಗಳಿಗೆ 14, ಉತ್ತರದಲ್ಲಿ ಅಜ್ಜಿಗೆ 12, ಒಟ್ಟು 26. ಉಳಿದ 14 ನನ್ನ ಮತ್ತು ಮಗನ ನಡುವೆ. ಅಜ್ಜಿ ಎಲೆ ಬಿಡಿಸಿಟ್ಟಳು. ಮೊಮ್ಮಗಳಲ್ಲಿ ಐದು ಇಸ್ಪೀಟು, ಡಮ್ಮಿಯಲ್ಲಿ ಮೂರು. ಎಂಟಿರುವ ರಂಗನ್ನು ತುರುಫು ಮಾಡುವುದು ವಾಸಿ. ಈಗ ಅವಳು ಇನ್ನೊಂದು ತೀರ್ಮಾನ ಹೇಳಬೇಕು: 'ಸಣ್ಣ ಆಟ'ವೋ 'ಪೂರ್ತಿ ಗೇಮ್' ಆಟವೋ? ಗೇಮ್ ಎಂದರೆ ಇಸ್ಪೀಟು ಅಥವಾ ಆಟೀನು ತುರುಫಾದರೆ 10 ಟ್ರಿಕ್, ಡೈಮನ್ ಅಥವಾ ಕಳಾವರ್ ಆದರೆ 11, ತುರುಫೇ ಇಲ್ಲದಿದ್ದರೆ 9. ಜೋಡಿಗೆ 25-26 ಪಾಯಿಂಟಿದ್ದರೆ ಗೇಮ್ ಹೇಳಲು ಧೈರ್ಯ ಮಾಡಬಹುದು. ಮೊದಲ ಆರು ಟ್ರಿಕ್ ಲೆಕ್ಕಕ್ಕಿಲ್ಲ. ಆಮೇಲಿನ ಒಂದೊಂದು ಇಸ್ಪೀಟು ಟ್ರಿಕ್‌ಗೂ 30 ಅಂಕ. ಹತ್ತು ಗೆದ್ದರೆ 120. ಗೇಮ್ ಎಂದು ಮೊದಲೇ ಹೇಳಿ ಗೆದ್ದಿದ್ದರೆ ಅದಕ್ಕೆ 300 ಸೇರಿ 420. ಸಣ್ಣ ಆಟ ಎಂದಿದ್ದರೆ ಬರೀ 50 ಸೇರಿ 170. ಗೇಮ್ ಹೇಳಿ ಒಂಬತ್ತಕ್ಕೇ ನಿಂತರೆ ಎದುರಾಳಿಗಳಿಗೆ 50. ಎಷ್ಟು ಸಾಧ್ಯವೋ ಅಷ್ಟನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು, ಬ್ರಿಡ್ಜಿನ ಸ್ವಾರಸ್ಯವೆಲ್ಲ ಅಲ್ಲಿದೆ. 1925ರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬ ಸಿರಿವಂತರು ಪನಾಮಾ ಕಾಲುವೆಯ ಹಡಗು ಪ್ರಯಾಣದಲ್ಲಿ ಈ ಅಂಕದ ಪದ್ಧತಿಗೆ ರೂಪ ಕೊಟ್ಟ ಮೇಲೆಯೇ ಆಟ ಜಗತ್ತಿಗೆಲ್ಲ ಹರಡಿತು.

ಆಡುವಾಗ ಮಕ್ಕಳು ಕಲಿಯಬೇಕಾದ ಮೊದಲ ಕೆಲಸ ಎಣಿಕೆ. ನಮ್ಮಲ್ಲಿ ಎಂಟು ತುರುಫಿದ್ದರೆ ಎದುರಾಳಿಗಳಲ್ಲಿ ಐದು. ಆ ಐದು ನೂರಕ್ಕೆ 68 ಸಲ ಮೂರು-ಎರಡು ಆಗಿ ಹಂಚಿರುತ್ತವೆ. ಅಂದರೆ ಮೂರು ಸುತ್ತು ತುರುಫು ಆಡಿಬಿಟ್ಟರೆ ಸಾಮಾನ್ಯವಾಗಿ ಅವರ ಕೈ ಬರಿದು. ನಾವು ಬ್ಯಾಂಕಿನಲ್ಲಿದ್ದಾಗ ಸಂಜೆ ನಗದು ತಾಳೆಯಾಗದೆ ಯಾರೂ ಮನೆಗೆ ಹೊರಡುವಂತಿರಲಿಲ್ಲ. ಇಲ್ಲೂ ಅಷ್ಟೇ, ಪ್ರತಿ ರಂಗೂ 13ಕ್ಕೆ ತಾಳೆಯಾಗಬೇಕು. ನನಗೆ ಈ ಆಟ ಹಿಡಿಸಿದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಎರಡನೆಯದು ಒಂದು ಉಪಾಯ. ಮಕ್ಕಳಿಗೆ ಇದು ಬಲು ಇಷ್ಟ. ಡಮ್ಮಿಯಲ್ಲಿ ಡೈಮನ್ ಎಕ್ಕ ಮತ್ತು ರಾಣಿ ಇವೆ, ರಾಜ ಎದುರಾಳಿಯ ಹತ್ತಿರ. ಎಕ್ಕ ಹೊಡೆದು ರಾಣಿ ಆಡಿದರೆ ರಾಣಿ ರಾಜನ ಬಾಯಿಗೆ ಬಿತ್ತು. ಹಾಗೆ ಮಾಡದೆ ನಿಮ್ಮ ಕೈಯಿಂದ ಚಿಕ್ಕ ಡೈಮನ್ ಇಳಿಸಿ. ನಿಮ್ಮ ಎಡಗಡೆಯವರು ಡಮ್ಮಿಗಿಂತ ಮೊದಲು ಎಲೆ ಹಾಕಬೇಕು. ಅವರು ರಾಜ ಹಾಕಿದರೆ ಎಕ್ಕದಿಂದ ಹೊಡೆಯಿರಿ, ಚಿಕ್ಕದು ಹಾಕಿದರೆ ರಾಣಿ ಹಾಕಿ. ರಾಜ ಎಡಗಡೆಯಲ್ಲಿದ್ದರೆ ಎಕ್ಕ, ರಾಣಿ ಎರಡೂ ಗೆಲ್ಲುತ್ತವೆ, ಬಲಗಡೆಯಲ್ಲಿದ್ದರೆ ಇಲ್ಲ. ಇದಕ್ಕೆ ಫಿನೆಸ್ ಎನ್ನುತ್ತಾರೆ. ಸಾಧಾರಣವಾಗಿ ನೂರಕ್ಕೆ ಐವತ್ತು ಸಲ ಗೆಲ್ಲುತ್ತದೆ.

"ಅಲ್ಲಾರೀ, ಒಳ್ಳೇ ಎಲೆ ಬಂದೋರು ಗೆಲ್ತಾರೆ, ಕೆಟ್ಟ ಎಲೆ ಬಂದೋರು ಸೋಲ್ತಾರೆ. ಇದಕ್ಕೂ ಜೂಜಿಗೂ ಏನು ವ್ಯತ್ಯಾಸ?" ಎಂದು ಮನೆಯಾಕೆ ಒಂದು ದಿನ ಕೇಳಿದಳು. ರಮ್ಮಿ ಕೌಶಲದ ಆಟ ಎಂದು 1967ರಲ್ಲಿ ತೀರ್ಪು ಕೊಟ್ಟಾಗ ಸುಪ್ರೀಂ ಕೋರ್ಟು ಹೋಲಿಕೆಗೆ ತೆಗೆದುಕೊಂಡದ್ದು ಬ್ರಿಡ್ಜನ್ನೇ ಎಂದೆ. ಕೋರ್ಟಿನ ಮಾತು ಅವಳಿಗೆ ನಾಟಲಿಲ್ಲ. ತೋಟ ಕಳೆದುಕೊಂಡ ಮನೆಯ ಮಗಳು, ಕಾನೂನಿನ ಮಾತಿಗೆ ಸಮಾಧಾನವಾಗುವುದಿಲ್ಲ.

ಉತ್ತರ ಸಿಕ್ಕಿದ್ದು ದಸರಾ ರಜೆಯಲ್ಲಿ, ಮಗಳ ಸಂಸಾರ ಬಂದಾಗ. ಎಂಟು ಜನ, ಎರಡು ಮೇಜು. ಪಂದ್ಯಗಳಲ್ಲಿ ಮಾಡುವಂತೆ ಡೂಪ್ಲಿಕೇಟ್ ಆಡಿದೆವು. ಇದರಲ್ಲಿ ಎಲೆಗಳನ್ನು ಮಧ್ಯಕ್ಕೆ ಎಸೆದು ಕಲಸುವುದಿಲ್ಲ. ಪ್ರತಿಯೊಬ್ಬರೂ ಆಡಿದ ಎಲೆಯನ್ನು ತಮ್ಮ ಮುಂದೆಯೇ ಮಗುಚಿ ಇಟ್ಟುಕೊಳ್ಳುತ್ತಾರೆ, ಆ ಟ್ರಿಕ್ ಗೆದ್ದರೆ ಉದ್ದಕ್ಕೆ, ಸೋತರೆ ಅಡ್ಡಕ್ಕೆ. ಮುಗಿದ ಮೇಲೆ ನಾಲ್ಕು ಕೈಗಳನ್ನೂ ನಾಲ್ಕು ಖಾನೆಯ ಹಲಗೆಯಲ್ಲಿಟ್ಟು ಪಕ್ಕದ ಮೇಜಿಗೆ ಕಳಿಸುತ್ತಾರೆ. ನಾವು ಹಳೆಯ ಮದುವೆ ಆಮಂತ್ರಣದ ಕವರುಗಳನ್ನು ಬಳಸಿದೆವು. ಅದೇ ಎಲೆಗಳನ್ನು ಅಲ್ಲಿಯೂ ಆಡುತ್ತಾರೆ. ಅದೇ ಕೈ ಹಿಡಿದ ಇನ್ನೊಂದು ಜೋಡಿಗಿಂತ ನೀವು ಚೆನ್ನಾಗಿ ಆಡಿದಿರಾ ಎಂಬುದಷ್ಟೇ ಲೆಕ್ಕ. ಅದೃಷ್ಟದ ಪಾಲು ಬಹುಮಟ್ಟಿಗೆ ಕಳಚಿಹೋಗುತ್ತದೆ.

ಆ ಸಂಜೆ ಒಂದು ಆಟದಲ್ಲಿ ಮನೆಯಾಕೆಯ ಕೈಗೆ ಬಂದದ್ದು ಮೂರೇ ಪಾಯಿಂಟು. ನಾವು ಗೇಮ್ ಹೇಳಿದೆವು, ಹತ್ತು ಟ್ರಿಕ್ ಬೇಕು. ಅಜ್ಜಿ-ಮೊಮ್ಮಗಳು ನಾಲ್ಕು ಟ್ರಿಕ್ ಕಿತ್ತುಕೊಂಡರು, ನಮ್ಮ ಗೇಮ್ ಬಿತ್ತು. ಪಕ್ಕದ ಮೇಜಿನಲ್ಲಿ ಅದೇ ಎಲೆ ಹಿಡಿದವರಿಗೆ ದಕ್ಕಿದ್ದು ಮೂರೇ. ಆ ಕೈಗೆ ಗೆಲುವು ಅಜ್ಜಿ-ಮೊಮ್ಮಗಳದ್ದು. ಅವಳು ಏನೂ ಅನ್ನಲಿಲ್ಲ. ಮಾರನೆಯ ದಿನ ಬೆಳಗಿನ ತಿಂಡಿ ಮುಗಿಯುತ್ತಿದ್ದಂತೆ, "ಆ ಕವರುಗಳನ್ನ ಎಲ್ಲಿಟ್ರಿ?" ಎಂದು ಕೇಳಿದಳು.

ಒಂದು ಎಚ್ಚರಿಕೆ. ಜೊತೆಗಾರರನ್ನು ಮೇಜಿನಲ್ಲಿ ಗದರಬೇಡಿ, ಮುಖ್ಯವಾಗಿ ಅವರು ಚಿಕ್ಕವರಾಗಿದ್ದರೆ. ಕಣ್ಸನ್ನೆ, ಕೆಮ್ಮು, ನಿಟ್ಟುಸಿರು ಯಾವುದೂ ಕೂಡದು. ದೊಡ್ಡ ಪಂದ್ಯಗಳಲ್ಲಿ ಜೊತೆಗಾರರು ಪರಸ್ಪರ ಮುಖ ನೋಡದಂತೆ ಮೇಜಿಗೆ ಅಡ್ಡಲಾಗಿ ಪರದೆಯನ್ನೇ ನಿಲ್ಲಿಸುತ್ತಾರೆ.

ಒಂದೆರಡು ತಿಂಗಳು ಹೀಗೆ ಆಡಿದ ಮೇಲೆ ಹರಾಜಿಗೆ ಬನ್ನಿ. ಅದೊಂದು ಪುಟ್ಟ ಭಾಷೆ, ಒಟ್ಟು 15 ಪದ: ಒಂದರಿಂದ ಏಳರವರೆಗಿನ ಅಂಕೆ, ನಾಲ್ಕು ರಂಗು, 'ನೋ ಟ್ರಂಪ್', 'ಪಾಸ್', 'ಡಬಲ್', 'ರಿಡಬಲ್'. ಇಷ್ಟರಲ್ಲೇ ನಿಮ್ಮ 13 ಎಲೆಯ ಕಥೆಯನ್ನು ಎದುರು ಕುಳಿತವರಿಗೆ ತಿಳಿಸಬೇಕು. ಕೈಯಲ್ಲಿ 12-13 ಪಾಯಿಂಟಿದ್ದರೆ ಬಾಯಿ ತೆರೆಯಿರಿ, ಕಡಿಮೆಯಿದ್ದರೆ ಸದ್ಯಕ್ಕೆ ಪಾಸ್ ಎನ್ನಿ. ಮೊಮ್ಮಗಳು ಈಗ ಅಲ್ಲಿಗೆ ಬಂದಿದ್ದಾಳೆ. ಅವಳ ಅಜ್ಜಿ ಮಾತ್ರ ಇನ್ನೂ ಮಿನಿಬ್ರಿಡ್ಜೇ ಸಾಕು ಎನ್ನುತ್ತಾಳೆ.